ಕಾಫಿ ರೇಟು ಏರಿದೆ, ಮಗ ಕೆಲಸ ಬಿಟ್ಟು ಬರ್ತೀನಿ ಅಂತಾನೆ. ಬಾ ಅನ್ನಲಾ?

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪ ಕಡೆ ನಾಲ್ಕೂವರೆ ಎಕರೆ ರೋಬಸ್ಟಾ ಕಾಫಿ ತೋಟ. ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಯಜಮಾನರು ತೀರಿಕೊಂಡು ಆರು ವರ್ಷ ಆಯ್ತು, ಆಗಿನಿಂದ ನಾನೇ ನೋಡಿಕೊಳ್ತಿದ್ದೇನೆ. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರೇಟು ಚೆನ್ನಾಗಿದೆ, ಕೆಲಸ ಬಿಟ್ಟು ಬರ್ತೀನಿ ಅಂತ ಹಟ ಹಿಡಿದಿದ್ದಾನೆ. ನನ್ನ ತಮ್ಮ, ಜಾಗತೀಕರಣ ಬಂದಿದ್ದಕ್ಕೇ ಈ ರೇಟು ಸಿಕ್ಕಿದ್ದು ಅಂತಾನೆ. ಪಕ್ಕದ ತೋಟದವರು, ಅದರಿಂದಲೇ ನಾವು ಹಾಳಾಗಿದ್ದು ಅಂತಾರೆ. ಯಾರ ಮಾತು ನಂಬಲಿ? ಇನ್ನೊಂದು, ಯುರೋಪಿನವರಿಗೆ ನಮ್ಮ ತೋಟದ ಜಾಗದ ಲೆಕ್ಕ ಕೊಡಬೇಕಂತೆ, ಅದೇನು? ಪಹಣಿ ಇನ್ನೂ ಮಾವನವರ ಹೆಸರಲ್ಲೇ ಇದೆ.

ಉತ್ತರ:

ಅಕ್ಕಾ, ನಿಮ್ಮ ತಮ್ಮ ಹೇಳಿದ್ದೂ ನಿಜ, ಪಕ್ಕದ ತೋಟದವರು ಹೇಳಿದ್ದೂ ನಿಜ. ತಮ್ಮ 2024ನ್ನು ನೆನಪಿಟ್ಟುಕೊಂಡು ಮಾತಾಡ್ತಿದ್ದಾರೆ, ಪಕ್ಕದವರು 2001ನ್ನು. ಮೂವತ್ತು ವರ್ಷ ಕಾಫಿ ವ್ಯಾಪಾರದ ಲೆಕ್ಕ ಬರೆದುಕೊಂಡೇ ಬಂದವನು ನಾನು, ಆ ಎರಡೂ ವರ್ಷ ನೋಡಿದ್ದೇನೆ. ಅದಕ್ಕೇ ಒಳ್ಳೆಯದಾ ಕೆಟ್ಟದ್ದಾ ಅನ್ನೋ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಬೇರೆ ಒಂದು ಕೇಳೋಣ. ರೇಟು ಬಿದ್ದಾಗ ಆ ಪೆಟ್ಟು ಯಾರ ಬೆನ್ನ ಮೇಲೆ ಬೀಳುತ್ತದೆ? ಇದು ಗೊತ್ತಾದರೆ ಮಗನಿಗೆ ಏನು ಹೇಳಬೇಕು ಅನ್ನೋದು ನಿಮಗೇ ಹೊಳೆಯುತ್ತದೆ.

ಮೊದಲು ರೇಟು ನಿಮ್ಮ ಕಣದ ತನಕ ಹೇಗೆ ಬರುತ್ತದೆ ನೋಡಿ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಅರೇಬಿಕಾಗೆ ನ್ಯೂಯಾರ್ಕ್ ಮಾರುಕಟ್ಟೆ, ನಿಮ್ಮ ರೋಬಸ್ಟಾಗೆ ಲಂಡನ್ ಮಾರುಕಟ್ಟೆ. ಲಂಡನ್‌ನಲ್ಲಿ ರೇಟು ಟನ್ನಿಗೆ ಇಷ್ಟು ಡಾಲರ್ ಅಂತ ಇರುತ್ತದೆ. ಟನ್ನಿಗೆ 4000 ಡಾಲರ್, ಡಾಲರಿಗೆ 83 ರೂಪಾಯಿ ಅಂತ ಇಟ್ಟುಕೊಂಡರೆ ಒಂದು ಕಿಲೋ ಶುದ್ಧ ಬೀಜಕ್ಕೆ 332 ರೂಪಾಯಿ ಆಯಿತು. ನೀವು ಮಾರೋದು ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, 50 ಕಿಲೋ ಚೀಲದ ಲೆಕ್ಕ. ಆ ಚೀಲದಲ್ಲಿ ಎಷ್ಟು ಕಿಲೋ ಬೀಜ ಬರುತ್ತದೋ ಅದೇ ಔಟ್‌ಟರ್ನ್. ನಿಮ್ಮದು 26 ಬಂತು ಅನ್ನಿ. 332ನ್ನು 26ರಿಂದ ಗುಣಿಸಿದರೆ 8632 ರೂಪಾಯಿ. ಅದರಲ್ಲಿ ಕ್ಯೂರಿಂಗ್ ಖರ್ಚು (ಸಿಪ್ಪೆ ಬಿಡಿಸಿ ಬೀಜ ಹಸನು ಮಾಡೋ ಖರ್ಚು), ಸಾಗಣೆ, ವ್ಯಾಪಾರಿಯ ಪಾಲು ಕಳೆಯಬೇಕು. ನಮ್ಮ ರೋಬಸ್ಟಾಗೆ ಲಂಡನ್ ರೇಟಿಗಿಂತ ಸ್ವಲ್ಪ ಜಾಸ್ತಿ ಸಿಗೋದರಿಂದ ಅದನ್ನು ಕೂಡಿಸಬೇಕು. ಲೆಕ್ಕ ಅಷ್ಟೇ. ಮಗನಿಗೆ ಇದನ್ನು ಫೋನಲ್ಲೇ ಮಾಡಿ ಅಭ್ಯಾಸ ಮಾಡಿಕೊಳ್ಳೋಕೆ ಹೇಳಿ. ವ್ಯಾಪಾರಿ ಹೇಳಿದ ರೇಟು ಸರಿಯಾ ತಪ್ಪಾ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಈ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿರೋದು ಯಾವುದು? ಲಂಡನ್ ರೇಟು ನಿಮ್ಮ ಕೈಯಲ್ಲಿಲ್ಲ. ಡಾಲರ್ ಇಲ್ಲ. ಔಟ್‌ಟರ್ನ್ ಮಾತ್ರ ಸ್ವಲ್ಪ ಇದೆ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ ನೋಡುವಾಗ ಪಕ್ಕದಲ್ಲೇ ನಿಂತು ನೋಡಿ. ತೇವ ಅಳೆಯುವ ಮೀಟರ್ ಎಷ್ಟು ತೋರಿಸ್ತು ಅಂತ ಬರೆದಿಟ್ಟುಕೊಳ್ಳಿ. 28 ಬರಬೇಕಾದ ಕಡೆ 26 ಅಂತ ಬರೆದರೆ ಮೇಲಿನ ಲೆಕ್ಕದಲ್ಲಿ ಚೀಲಕ್ಕೆ 664 ರೂಪಾಯಿ ಹೋಯಿತು. ತೊಂಬತ್ತು ಚೀಲ ಮಾರುವವರಿಗೆ ಅದು ಹತ್ತಿರ ಹತ್ತಿರ 60 ಸಾವಿರ. ಲಂಡನ್ ಮಾರುಕಟ್ಟೆ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಎಷ್ಟೋ ಬೆಳೆಗಾರರು ಈ ಎರಡು ಪಾಯಿಂಟ್ ಕೇಳೋದೇ ಇಲ್ಲ. ನನಗೆ ತುಂಬ ಬೇಜಾರಾಗುವ ವಿಷಯ ಇದು.

ಈಗ, ರೇಟು ಯಾಕೆ ಏರಿತು? 2019ರ ಸುಮಾರಿಗೆ ರೋಬಸ್ಟಾ ಚೆರಿ ಚೀಲಕ್ಕೆ ಮೂರು ಸಾವಿರದ ಚಿಲ್ಲರೆ ಇತ್ತು, ನಿಮಗೆ ನೆನಪಿರುತ್ತದೆ. 2024ರಲ್ಲಿ ಹತ್ತು ಸಾವಿರ ದಾಟಿತು. ಲಂಡನ್‌ನಲ್ಲಿ ಟನ್ನಿಗೆ 5000 ಡಾಲರ್ ದಾಟಿದ್ದೂ ಅದೇ ವರ್ಷ. ನಾವೇನು ಗಿಡಕ್ಕೆ ಜಾಸ್ತಿ ಗೊಬ್ಬರ ಹಾಕಿದ್ದಕ್ಕೆ ಬಂದ ರೇಟಲ್ಲ ಅದು. ವಿಯೆಟ್ನಾಂನಲ್ಲಿ ಬರ ಬಿತ್ತು, ಬ್ರೆಜಿಲ್‌ನಲ್ಲೂ ಮಳೆ ಕೈಕೊಟ್ಟಿತು. ಇದು ಎಲ್ಲರೂ ಹೇಳುವ ಕಾರಣ. ಕಮ್ಮಿ ಜನ ಹೇಳುವ ಇನ್ನೊಂದಿದೆ. ವಿಯೆಟ್ನಾಂನ ಕಾಫಿ ಬೆಟ್ಟಗಳಲ್ಲಿ ಡುರಿಯನ್ ಅಂತ ಒಂದು ಹಣ್ಣು ಬೆಳೆಯುತ್ತಾರೆ, ನೋಡೋಕೆ ನಮ್ಮ ಹಲಸಿನ ತಮ್ಮನ ಹಾಗೆ ಇರುತ್ತದೆ, ಮೈತುಂಬ ದಪ್ಪ ಮುಳ್ಳು, ವಾಸನೆ ಜೋರು. ಚೀನಾದ ಜನಕ್ಕೆ ಆ ಹಣ್ಣೆಂದರೆ ಪ್ರಾಣ. 2022ರಲ್ಲಿ ಚೀನಾ, ವಿಯೆಟ್ನಾಂ ನಡುವೆ ಒಪ್ಪಂದ ಆಗಿ ಹಣ್ಣು ನೇರವಾಗಿ ಅಲ್ಲಿಗೆ ಹೋಗೋಕೆ ಶುರುವಾಯಿತು. ಕಾಫಿಗಿಂತ ಎಷ್ಟೋ ಪಟ್ಟು ದುಡ್ಡು. ಅಲ್ಲಿನ ರೈತರು ಕಾಫಿ ಸಾಲಿನ ಮಧ್ಯೆ ಡುರಿಯನ್ ನೆಟ್ಟರು, ಕೆಲವರು ಕಾಫಿಯನ್ನೇ ಕಿತ್ತರು.

ಅದೇ ಹೊತ್ತಿಗೆ, 2023ರ ಕೊನೆಯಿಂದ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಯಿತು. ಸೂಯೆಜ್ ಕಾಲುವೆ ಬಿಟ್ಟು ಇಡೀ ಆಫ್ರಿಕಾ ಸುತ್ತಿ ಯುರೋಪಿಗೆ ಹೋಗಬೇಕಾಯಿತು. ಹಡಗಿನ ಬಾಡಿಗೆ ಏರಿತು, ದಿನ ಜಾಸ್ತಿ ಹಿಡಿಯಿತು. ಅದರ ಮೇಲೆ ನೀವು ಕೇಳಿದ ಆ ಯುರೋಪಿನ ಹೊಸ ಕಾನೂನು ಬರುತ್ತದೆ ಅಂತ ಅಲ್ಲಿನ ವ್ಯಾಪಾರಿಗಳು ಮುಂಚೆಯೇ ದಾಸ್ತಾನು ತುಂಬಿಕೊಳ್ಳೋಕೆ ಹೊರಟರು. ಇಷ್ಟೂ ಕೂಡಿ ನಿಮ್ಮ ಕಣದಲ್ಲಿ ಹತ್ತು ಸಾವಿರ ಆಯಿತು. ಚೀನಾದಲ್ಲಿ ಯಾರೋ ಒಬ್ಬರು ಊಟ ಆದ ಮೇಲೆ ಹಣ್ಣು ತಿಂದಿದ್ದಕ್ಕೂ ಸುಂಟಿಕೊಪ್ಪದ ನಿಮ್ಮ ಚೀಲಕ್ಕೂ ಗಂಟು ಬಿದ್ದಿದೆ. ಜಾಗತೀಕರಣ ಅಂದರೆ ಪುಸ್ತಕದಲ್ಲಿ ಏನೇನೋ ಬರೆದಿರುತ್ತಾರೆ, ನನಗೆ ಅರ್ಥವಾಗಿರೋದು ಈ ಗಂಟು.

ಇದೇ ಗಂಟು ಇನ್ನೊಂದು ಕಡೆಗೂ ಎಳೆಯುತ್ತದೆ. ಈಗ ರೇಟು ನೋಡಿ ವಿಯೆಟ್ನಾಂನವರು ಮತ್ತೆ ಕಾಫಿ ನೆಟ್ಟರೆ, ಗಿಡ ಫಲಕ್ಕೆ ಬರೋಕೆ ಮೂರು ನಾಲ್ಕು ವರ್ಷ. ಆಮೇಲೆ ಏನಾಗಬಹುದು ಅನ್ನೋದಕ್ಕೆ ನಮ್ಮ ಹಿಂದಿನ ಅನುಭವವೇ ಸಾಕು.

ನಿಮ್ಮ ಮಾವನವರ ಕಾಲ ಬೇರೆ ಇತ್ತು. 1942ರ ಕಾಯ್ದೆ ಪ್ರಕಾರ ಬೆಳೆದ ಕಾಫಿಯನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸುವ ರಾಶಿಗೆ, ಕೊಡಬೇಕಿತ್ತು. ಹೊರಗೆ ಮಾರೋ ಹಾಗಿಲ್ಲ. ಬೋರ್ಡು ಮಾರಿ, ಬೀಜದ ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ಕೊನೆ ಕಂತು ಬರೋ ಹೊತ್ತಿಗೆ ಮುಂದಿನ ಕೊಯ್ಲೂ ಮುಗಿದಿರುತ್ತಿತ್ತು. ಬೆಳೆಗಾರರು ಬೈಯುತ್ತಿದ್ದರು, ಬೈಯೋಕೆ ಕಾರಣವೂ ಇತ್ತು. ಆದರೆ ರೇಟಿನ ಏರಿಳಿತದ ಪೆಟ್ಟು ಮೊದಲು ಬೀಳುತ್ತಿದ್ದುದು ಬೋರ್ಡಿನ ಮೇಲೆ. ಪ್ರಪಂಚದ ಮಟ್ಟದಲ್ಲೂ ಒಂದು ಕಟ್ಟು ಇತ್ತು. 1962ರಿಂದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಹಾಕಿದ್ದರು. ಬೀಜ ಜಾಸ್ತಿ ಸುರಿದು ರೇಟು ಕೆಡಿಸಬಾರದು ಅಂತ. 1989ರ ಜುಲೈನಲ್ಲಿ ಆ ಕೋಟಾ ಮುರಿದುಬಿತ್ತು. ಎರಡು ವರ್ಷ ಆದ ಮೇಲೆ ಸೋವಿಯತ್ ಒಕ್ಕೂಟವೇ ಒಡೆಯಿತು, ನಮ್ಮ ಕಾಫಿಗೆ ಅದು ದೊಡ್ಡ ಗಿರಾಕಿ. ಇಲ್ಲೂ 1992ರಿಂದ ಪೂಲ್ ಸ್ವಲ್ಪ ಸ್ವಲ್ಪ ಸಡಿಲ ಆಗುತ್ತಾ ಬಂದು 1996ರಲ್ಲಿ ಪೂರ್ತಿ ಹೋಯಿತು. ಯಾರಿಗೆ ಬೇಕಾದರೂ ಮಾರಿ, ಯಾವಾಗ ಬೇಕಾದರೂ ಮಾರಿ.

ಆಗ ಒಂದು ಕಾಕತಾಳೀಯ ಆಯಿತು. 1994ರಲ್ಲಿ ಬ್ರೆಜಿಲ್‌ನ ಕಾಫಿ ಸೀಮೆಯಲ್ಲಿ ಎರಡು ಸಲ ಹಿಮ ಬಿತ್ತು, ರೇಟು ಗಗನಕ್ಕೆ ಹೋಯಿತು. ನಮ್ಮವರಿಗೆ ಸ್ವಾತಂತ್ರ್ಯವೂ ರೇಟೂ ಒಟ್ಟಿಗೇ ಬಂದವು. ಹೊಸ ಜೀಪು ಬಂತು, ಮನೆಗೆ ಮೊಸಾಯಿಕ್ ಹೋಗಿ ಮಾರ್ಬಲ್ ಬಂತು. ಹಿಮದಿಂದ ಬಂದ ದುಡ್ಡನ್ನು ಎಲ್ಲರೂ ಮುಕ್ತ ಮಾರುಕಟ್ಟೆಯಿಂದ ಬಂತು ಅಂದುಕೊಂಡರು. ನಾವೂ ಹಾಗೇ ಅಂದುಕೊಂಡೆವು, ನಮ್ಮ ತಂದೆ ಸಕಲೇಶಪುರ ಕಡೆಯ ತೋಟದ ಮೇಲೆ ಸಾಲ ಎತ್ತಿ ಇನ್ನೂ ಮೂರು ಎಕರೆ ತಗೊಂಡರು.

ಅಷ್ಟರಲ್ಲಿ ವಿಯೆಟ್ನಾಂ ಗಿಡ ನೆಡುತ್ತಿತ್ತು. ಅಲ್ಲೂ 1986ರ ನಂತರ ಮಾರುಕಟ್ಟೆ ತೆರೆದಿದ್ದರು. 1990ರಿಂದ 2000ದ ಒಳಗೆ ಅಲ್ಲಿನ ಕಾಫಿ ಸುಮಾರು ಹತ್ತು ಪಟ್ಟಾಯಿತು. ಕೊಲಂಬಿಯಾವನ್ನು ಹಿಂದೆ ಹಾಕಿ ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂತು. ನಮಗಿಂತ ಎಕರೆಗೆ ಎರಡು ಪಟ್ಟಿಗೂ ಜಾಸ್ತಿ ಇಳುವರಿ. 2001ರಲ್ಲಿ ನ್ಯೂಯಾರ್ಕ್ ರೇಟು ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಹೋಯಿತು. ಅಂದರೆ ಆಗಿನ ರೂಪಾಯಿ ಲೆಕ್ಕದಲ್ಲಿ ಕಿಲೋಗೆ ಸುಮಾರು ಐವತ್ತು, ಅದೂ ಅರೇಬಿಕಾಗೆ. ರೋಬಸ್ಟಾ ಇನ್ನೂ ಕೆಳಗೆ.

ಆ ವರ್ಷದ ಬೇಸಿಗೆ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಗೋದಾಮಿನಲ್ಲಿ ಹಿಂದಿನ ವರ್ಷದ ಚೀಲ ಹಾಗೇ ಇತ್ತು, ರೇಟು ಬರಲಿ ಅಂತ ಕಾದಿದ್ದು. ಮೇಲೆ ಈ ವರ್ಷದ್ದು ಪೇರಿಸಿದ್ದೆವು. ತಂದೆ ದಿನಾ ಸಂಜೆ ಹೋಗಿ ಒಂದು ಚೀಲದ ಬಾಯಿ ಬಿಚ್ಚಿ, ಒಂದು ಹಿಡಿ ಚೆರಿ ತೆಗೆದು, ಕಿವಿ ಹತ್ತಿರ ಅಲ್ಲಾಡಿಸಿ, ಮತ್ತೆ ಹಾಕಿ ಕಟ್ಟುತ್ತಿದ್ದರು. ಒಣಗಿದೆಯಾ ಅಂತ ನೋಡುವ ಅಗತ್ಯ ಇರಲಿಲ್ಲ, ಅದು ಒಣಗಿ ಒಂದು ವರ್ಷ ಆಗಿತ್ತು. ಬ್ಯಾಂಕಿನ ಬಡ್ಡಿ ಓಡುತ್ತಿತ್ತು. ಕೊನೆಗೆ ಮೂವತ್ತು ವರ್ಷದ ಸಿಲ್ವರ್ ಓಕ್ ಮರ ಮಾರಿ ಬಡ್ಡಿ ಕಟ್ಟಿದೆವು. ಮರ ಹೋದ ಕಡೆ ನೆರಳು ಹೋಯಿತು, ನೆರಳು ಹೋದ ಕಡೆ ಗಿಡಕ್ಕೆ ಕಾಂಡಕೊರಕ ಹತ್ತಿತು. ಲಂಡನ್, ನ್ಯೂಯಾರ್ಕ್‌ನಲ್ಲಿ ಬಿದ್ದ ರೇಟು ಎರಡು ವರ್ಷದಲ್ಲಿ ಮತ್ತೆ ಮೇಲೇಳಬಹುದು, ಆ ಮರ ಮೇಲೇಳೋಕೆ ಮೂವತ್ತು ವರ್ಷ ಬೇಕು.

ಸರ್ಕಾರ ಏನೂ ಮಾಡಲಿಲ್ಲ ಅಂತಲ್ಲ. 2003ರಲ್ಲಿ 500 ಕೋಟಿ ಇಟ್ಟು ಬೆಲೆ ಸ್ಥಿರೀಕರಣ ನಿಧಿ ಅಂತ ಮಾಡಿದರು. ಕಾಫಿ, ಚಹಾ, ರಬ್ಬರ್, ತಂಬಾಕು ಬೆಳೆಯುವ, ನಾಲ್ಕು ಹೆಕ್ಟೇರ್ ಒಳಗಿನ ಬೆಳೆಗಾರರಿಗೆ. ಯೋಚನೆ ಬಹಳ ಒಳ್ಳೆಯದು. ಒಳ್ಳೆ ವರ್ಷದಲ್ಲಿ ಬೆಳೆಗಾರ ಖಾತೆಗೆ ಹಾಕಬೇಕು, ಕೆಟ್ಟ ವರ್ಷದಲ್ಲಿ ಸರ್ಕಾರ ಹಾಕುತ್ತದೆ. ಆದರೆ ಕೆಟ್ಟ ವರ್ಷದಲ್ಲಿ ಹಾಕುತ್ತಿದ್ದುದು ಎಷ್ಟು ಗೊತ್ತಾ? ಒಬ್ಬರಿಗೆ 1000 ರೂಪಾಯಿ. ತೋಟದ ಯಾವ ಮೂಲೆಗೂ ಸಾಲದ ದುಡ್ಡು. ಜನ ಸೇರಲಿಲ್ಲ, ಹತ್ತು ವರ್ಷದಲ್ಲಿ ಮುಚ್ಚಿತು. ಅದು ಇರುವಾಗಲೇ 2010ರಲ್ಲಿ ಸಾಲ ಪರಿಹಾರದ ಪ್ಯಾಕೇಜ್ ಕೊಡಬೇಕಾಯಿತು. ಬಿದ್ದ ಮೇಲೆ ಎತ್ತುವುದಕ್ಕೆ ಆಗುವ ಖರ್ಚಿನಲ್ಲಿ ಅರ್ಧ ಖರ್ಚು ಮಾಡಿದ್ದರೆ ಬೀಳದ ಹಾಗೆ ಹಿಡಿಯಬಹುದಿತ್ತು ಅಂತ ನಾನು ಈಗಲೂ ಹೇಳ್ತೇನೆ.

ಬೇರೆ ದೇಶದಲ್ಲಿ ಆಗಿದೆ ಇದು. ಕೊಲಂಬಿಯಾದಲ್ಲಿ 1927ರಿಂದ ಬೆಳೆಗಾರರದ್ದೇ ಒಕ್ಕೂಟ ಇದೆ. ಅದೂ ಪ್ರಪಂಚದ ಮಾರುಕಟ್ಟೆಗೇ ಮಾರುತ್ತದೆ, ನಮ್ಮಷ್ಟೇ ತೆರೆದ ಮಾರುಕಟ್ಟೆ. ಆದರೆ ಚಿಕ್ಕ ಬೆಳೆಗಾರ ಎಷ್ಟೇ ತಂದರೂ ಆ ದಿನದ ರೇಟು ಬರೆದು ಹಾಕಿ, ನಗದು ಕೊಟ್ಟು ಕೊಳ್ಳುತ್ತೇವೆ ಅನ್ನೋ ಖಾತ್ರಿ ಇದೆ. ಹತ್ತಿರದಲ್ಲೇ ಕೊಳ್ಳುವ ಕೇಂದ್ರ ಇರುತ್ತದೆ. ಅಲ್ಲೂ ಕಷ್ಟ ಇದೆ, ಸಾಲ ಇದೆ, ರಸ್ತೆಗಿಳಿದು ಹೋರಾಟ ಮಾಡಿದ್ದಾರೆ. ಆದರೂ ವ್ಯಾಪಾರಿ ಹೇಳಿದ್ದೇ ರೇಟು ಅನ್ನುವ ಪರಿಸ್ಥಿತಿ ಇಲ್ಲ. ಅದಕ್ಕೇ ನಾನು ಜಾಗತೀಕರಣವನ್ನೇ ಬೈದು ಸುಮ್ಮನಾಗೋದಿಲ್ಲ. ಬಾಗಿಲು ತೆರೆದರು ಸರಿ, ತಲೆ ಮೇಲಿನ ಸೂರು ಯಾಕೆ ತೆಗೆದರು? ನನ್ನ ತಕರಾರು ಇದು.

ಇನ್ನು ನೀವು ಬರೆಯದ ಒಂದು ವಿಷಯ ನಾನೇ ಎತ್ತುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪೆಟ್ಟು ಬೋರ್ಡಿನಿಂದ ಬೆಳೆಗಾರನಿಗೆ ಬಂತು ಅಂದೆ. ಅಲ್ಲಿಗೇ ನಿಲ್ಲಲಿಲ್ಲ, ಲೈನ್‌ಮನೆಗೆ, ಅಂದರೆ ತೋಟದ ಆಳುಗಳು ಇರುವ ಸಾಲುಮನೆಗೆ, ಹೋಯಿತು. ಮೊದಲು ತೋಟದಲ್ಲಿ ಎರವರು, ಜೇನುಕುರುಬರು ಅನ್ನೋ ಬುಡಕಟ್ಟಿನ ಜನ ವರ್ಷಪೂರ್ತಿ ಇರುತ್ತಿದ್ದರು. ತಲೆಮಾರುಗಟ್ಟಲೆ ಅಲ್ಲೇ. ಅವರ ಬದುಕು ಚೆನ್ನಾಗಿತ್ತು ಅಂತ ಹೇಳೋಕೆ ನನಗೆ ಬಾಯಿ ಬರೋದಿಲ್ಲ, ಸಾಲಕ್ಕೆ ಸಿಕ್ಕಿ ಜೀತದ ಹಾಗೆ ಇದ್ದವರೂ ಇದ್ದರು. ಆದರೆ ದೊಡ್ಡ ತೋಟಗಳಲ್ಲಿ 1951ರ ತೋಟ ಕಾರ್ಮಿಕರ ಕಾಯ್ದೆ ಅಂತ ಒಂದು ಇತ್ತು. ಮನೆ, ಔಷಧಿ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಕೊಡಬೇಕಿತ್ತು. ರೇಟು ಬಿದ್ದ ವರ್ಷಗಳಲ್ಲಿ ಮೊದಲು ಕಡಿಮೆ ಮಾಡಿದ್ದು ಇದನ್ನೇ. ಕಾಯಂ ಆಳು ಬೇಡ, ಕೊಯ್ಲಿಗೆ ಮಾತ್ರ ಸಾಕು, ಕಿಲೋ ಲೆಕ್ಕ. ಇಲ್ಲಿನ ಮಕ್ಕಳು ಓದಿ ಪೇಟೆಗೆ ಹೋದರು. ಆ ಜಾಗಕ್ಕೆ ಅಸ್ಸಾಂನಿಂದ, ಬಂಗಾಳದಿಂದ ಮೂರು ದಿನ ರೈಲಲ್ಲಿ ಕೂತು ಜನ ಬಂದರು.

ಹೋದ ವರ್ಷ ಸಿದ್ದಾಪುರದ ಸಂತೆ ದಿನ ಒಂದು ಮೊಬೈಲ್ ಅಂಗಡಿ ಮುಂದೆ ನಿಂತಿದ್ದೆ. ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಬೆರಳ ತುದಿಯೆಲ್ಲ ಕಾಫಿ ಹಣ್ಣಿನ ಕಪ್ಪು. ಊರಿಗೆ ದುಡ್ಡು ಕಳಿಸೋಕೆ ಬಂದಿದ್ದ. ಅಂಗಡಿಯವನಿಗೆ ಕನ್ನಡ, ಮಲಯಾಳಂ, ಹಿಂದಿ ಬರುತ್ತೆ, ಈಗ ನಾಲ್ಕು ಮಾತು ಬಂಗಾಳಿ ಕಲಿತಿದ್ದಾನೆ. ಹುಡುಗ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟ, ಆಮೇಲೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಬಂತಾ ಅಂತ ಕೇಳಿದ. ಬಂತು ಅಂದಾಗ ಮುಖ ನೋಡಬೇಕಿತ್ತು. ಇವನಿಗೆ ಲಂಡನ್ ರೇಟು ಏನು ಅಂತ ಗೊತ್ತಿಲ್ಲ. ರೇಟು ಏರಿದರೆ ಕಿಲೋಗೆ ಒಂದೆರಡು ರೂಪಾಯಿ ಜಾಸ್ತಿ ಸಿಗಬಹುದು, ಬಿದ್ದರೆ ಬರಬೇಡ ಅನ್ನುತ್ತಾರೆ. ನಿಮ್ಮ ಮಗ ಬೆಂಗಳೂರಿಗೆ ಹೋದ ಹಾಗೇ ಇವನೂ ಮನೆ ಬಿಟ್ಟು ಬಂದವನು. ಒಬ್ಬರ ಮಗ ಊರು ಬಿಟ್ಟ ಜಾಗಕ್ಕೆ ಇನ್ನೊಬ್ಬರ ಮಗ ಬರುತ್ತಾನೆ. ನಮ್ಮ ಬೆಟ್ಟಗಳಲ್ಲಿ ಆಗಿರುವ ದೊಡ್ಡ ಬದಲಾವಣೆ ಇದು ಅಂತ ನನಗನ್ನಿಸುತ್ತದೆ, ರೇಟಿಗಿಂತ ದೊಡ್ಡದು. ಅವರ ಮಕ್ಕಳು ಇಲ್ಲಿನ ಕನ್ನಡ ಶಾಲೆಗೆ ಬರಬೇಕಾದರೆ ದಾಖಲೆ ಕೇಳುತ್ತಾರೆ, ರೇಷನ್ ಅಲ್ಲಿನದು, ವೋಟು ಅಲ್ಲಿನದು. ಹೋದ ಕೊಯ್ಲಿನಲ್ಲಿ ನಿಮ್ಮಲ್ಲೂ ಅಂಥವರು ಬಂದಿದ್ದರೆ, ಒಳ್ಳೆ ರೇಟು ಬಂದ ವರ್ಷ ಅವರ ಕೈಗೂ ಒಂದಿಷ್ಟು ಜಾಸ್ತಿ ಹೋಗಲಿ. ಮೇಸ್ತ್ರಿ ಕೈಗೆ ಕೊಡಬೇಡಿ, ಅವರವರ ಕೈಗೇ ಕೊಡಿ.

ಮೆಣಸಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾಫಿ ಬಿದ್ದ ವರ್ಷ ಮೆಣಸು ಕೈ ಹಿಡಿಯುತ್ತದೆ ಅಂತ ನಮ್ಮ ಹಿರಿಯರು ಬಳ್ಳಿ ಹಬ್ಬಿಸಿದ್ದು. ಅದಕ್ಕೂ ಹೊರಗಿನ ಗಾಳಿ ಬಂತು. ಶ್ರೀಲಂಕಾ ಜೊತೆ 2000ದಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಅಲ್ಲಿನ ಮೆಣಸಿಗೆ ಸುಂಕದ ರಿಯಾಯಿತಿ ಇದೆ. ಅದನ್ನು ಬಳಸಿಕೊಂಡು ವಿಯೆಟ್ನಾಂ ಮೆಣಸು ಶ್ರೀಲಂಕಾ ಹೆಸರಲ್ಲಿ ಬರುತ್ತಿದೆ ಅಂತ ಬೆಳೆಗಾರರು ವರ್ಷಗಟ್ಟಲೆ ಕೂಗಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಕಿಲೋಗೆ 500 ರೂಪಾಯಿಗಿಂತ ಕಮ್ಮಿ ಬೆಲೆಯ ಮೆಣಸು ಆಮದಾಗಬಾರದು ಅಂತ ಮಾಡಿತು. ಕೂಗಿದ್ದಕ್ಕೆ ಅಷ್ಟಾದರೂ ಆಯಿತು. ಬಳ್ಳಿ ಮಾತ್ರ ಕೀಳಬೇಡಿ.

ಈಗ ಯುರೋಪಿನ ಕಾನೂನು. ಇದಕ್ಕೆ ಹೆದರಬೇಡಿ, ಆದರೆ ಉದಾಸೀನವೂ ಬೇಡ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, ಅದರಲ್ಲಿ ಯುರೋಪಿನ ಪಾಲು ದೊಡ್ಡದು, ಇಟಲಿ ಮೊದಲ ಸಾಲಿನಲ್ಲಿದೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಮುಂತಾದ್ದನ್ನು ನಾವು ಕೊಳ್ಳೋದಿಲ್ಲ ಅಂತ ಯುರೋಪ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ತೋಟ ಮಾಡಿರಬಾರದು. ಬೆಳೆದ ಜಾಗ ಎಲ್ಲಿದೆ ಅಂತ ಅಕ್ಷಾಂಶ, ರೇಖಾಂಶ ಕೊಡಬೇಕು. ಮತ್ತೆ ಆ ದೇಶದ ಕಾನೂನಿನ ಪ್ರಕಾರ ಬೆಳೆದಿರಬೇಕು, ಜಮೀನಿನ ಹಕ್ಕೂ ಅದರಲ್ಲಿ ಸೇರಿದೆ. ಎರಡು ಸಲ ಮುಂದೂಡಿದ್ದಾರೆ. ಈಗಿನ ಪ್ರಕಾರ ದೊಡ್ಡ ವ್ಯಾಪಾರಿಗಳಿಗೆ 2026ರ ಡಿಸೆಂಬರ್ ಕೊನೆಯಿಂದ, ಸಣ್ಣವರಿಗೆ 2027ರ ಜೂನ್ ಕೊನೆಯಿಂದ. ಭಾರತವನ್ನು ಕಮ್ಮಿ ಅಪಾಯದ ದೇಶ ಅಂತ 2025ರ ಮೇನಲ್ಲಿ ಪಟ್ಟಿ ಮಾಡಿದ್ದಾರೆ, ಅದರಿಂದ ತಪಾಸಣೆ ಸ್ವಲ್ಪ ಹಗುರ. ಜಾಗದ ಗುರುತು ಮಾತ್ರ ಬೇಕೇ ಬೇಕು.

ನಾಲ್ಕು ಹೆಕ್ಟೇರ್‌ಗಿಂತ ದೊಡ್ಡ ಜಾಗಕ್ಕೆ ಸುತ್ತ ಗಡಿಯ ಗೆರೆ ಎಳೆದು ಕೊಡಬೇಕು. ನಿಮ್ಮದು ನಾಲ್ಕೂವರೆ ಎಕರೆ, ಎರಡು ಹೆಕ್ಟೇರ್ ಕೂಡ ಆಗಲ್ಲ. ಒಂದೇ ಒಂದು ಬಿಂದು ಸಾಕು. ತೋಟದ ಮಧ್ಯೆ ನಿಂತು ಫೋನಲ್ಲಿ ತೆಗೆದರೆ ಆಯಿತು. ಕಾಫಿ ಬೋರ್ಡು ಇದಕ್ಕೆ ಇಂಡಿಯಾ ಕಾಫಿ ಅನ್ನೋ ಆ್ಯಪ್ ಮಾಡಿದೆ, ಹತ್ತಿರದ ಸಂಪರ್ಕ ಕಚೇರಿಯವರು ತೋರಿಸಿಕೊಡುತ್ತಾರೆ.

ಕಾಡು ಉಳಿಸುವ ಉದ್ದೇಶ ಒಳ್ಳೆಯದೇ. ಅದರಲ್ಲಿ ನನಗೆ ಎರಡು ಮಾತಿಲ್ಲ, ನಮ್ಮ ನೆರಳಿನ ತೋಟಗಳಿಗೆ ಅದರಿಂದ ಲಾಭವೂ ಆಗಬಹುದು. ನನಗೆ ನೋವಾಗೋದು ಬೇರೆ ಕಡೆ. ಆ ಕಾಗದದ ಕೆಲಸದ ಖರ್ಚು ಯಾರದು? ಒಂದು ಸಣ್ಣ ಲೆಕ್ಕ ನೋಡಿ. ಇಟಲಿಯಲ್ಲಿ ಒಂದು ಪುಟ್ಟ ಕಪ್ ಎಸ್ಪ್ರೆಸ್ಸೋಗೆ ಏಳು ಗ್ರಾಂ ಪುಡಿ ಹಿಡಿಯುತ್ತದೆ. ಹುರಿದಾಗ ತೂಕ ಇಳಿಯೋದರಿಂದ ಎಂಟೂವರೆ ಗ್ರಾಂ ಹಸಿ ಬೀಜ ಅನ್ನಿ. ಕಿಲೋಗೆ 332 ಅಂತ ಹಿಡಿದರೂ ಆ ಕಪ್ಪಿನಲ್ಲಿ ಬೀಜದ ಬೆಲೆ ಮೂರು ರೂಪಾಯಿ ಒಳಗೆ. ಕಪ್ಪಿನ ಬೆಲೆ ಒಂದು ಯೂರೋಗಿಂತ ಜಾಸ್ತಿ, ಅಂದರೆ ನಮ್ಮ ನೂರು ರೂಪಾಯಿಗೂ ಮೇಲೆ. ನಿಮಗೆ ಚೀಲಕ್ಕೆ ಮೂರು ಸಾವಿರ ಸಿಗುತ್ತಿದ್ದ ಕಾಲದಲ್ಲಿ ಆ ಕಪ್ಪಿನಲ್ಲಿ ಬೀಜದ ಪಾಲು ಒಂದು ರೂಪಾಯಿ ಆಸುಪಾಸು. ನೂರು ಕೊಟ್ಟು ಕುಡಿಯುವವರಿಗೆ ಆ ಎರಡು ರೂಪಾಯಿ ಕಾಣೋದೂ ಇಲ್ಲ, ನಿಮಗೆ ಅದೇ ಎರಡು ರೂಪಾಯಿ ಒಂದು ವರ್ಷದ ಬದುಕು. ಹಾಗಿರುವಾಗ ದಾಖಲೆಯ ಹೊರೆ ಮಾತ್ರ ತೋಟದ ಕಡೆಗೇ ಬರುತ್ತಿದೆ. ಇದನ್ನು ಬೆಳೆಗಾರರ ಸಂಘಗಳು ಗಟ್ಟಿಯಾಗಿ ಕೇಳಬೇಕು.

ಸರಿ, ಮಗನ ವಿಷಯಕ್ಕೆ ಬರೋಣ. ನಿಮ್ಮ ತೋಟದ ಲೆಕ್ಕ ಹೀಗೆ ಹಾಕಿ. ಎಕರೆಗೆ ಇಪ್ಪತ್ತು ಚೀಲ ಚೆರಿ ಅಂದರೆ ಒಟ್ಟು ತೊಂಬತ್ತು ಚೀಲ. ಚೀಲಕ್ಕೆ 10 ಸಾವಿರ ಇದ್ದರೆ 9 ಲಕ್ಷ. ಕೊಯ್ಲು, ಗೊಬ್ಬರ, ಕಸಿ (ರೆಂಬೆ ಸವರೋದು), ಸ್ಪ್ರಿಂಕ್ಲರ್‌ಗೆ ಡೀಸೆಲ್ ಎಲ್ಲ ಸೇರಿ ಎಕರೆಗೆ 70 ಸಾವಿರ ಖರ್ಚು ಅಂತ ಇಟ್ಟುಕೊಂಡರೆ 3 ಲಕ್ಷ 15 ಸಾವಿರ ಹೋಗುತ್ತದೆ. ಮಿಕ್ಕಿದ್ದು ಆರು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಅದೇ ತೋಟ, ಅದೇ ತೊಂಬತ್ತು ಚೀಲ, ರೇಟು 3400ಕ್ಕೆ ಇಳಿದರೆ ಬರೋದು 3 ಲಕ್ಷ 6 ಸಾವಿರ. ಕೈಯಿಂದಲೇ ಒಂಬತ್ತು ಸಾವಿರ ಹಾಕಬೇಕು. ನಿಮ್ಮ ಖರ್ಚು ಬೇರೆ ಇದ್ದರೆ ನಿಮ್ಮ ಅಂಕಿ ಹಾಕಿಕೊಳ್ಳಿ. ಮಗ ನೋಡ್ತಿರೋದು ಮೊದಲನೇ ಲೆಕ್ಕ ಮಾತ್ರ. ಎರಡನೇದನ್ನೂ ಅವನ ಕೈಯಲ್ಲೇ ಮಾಡಿಸಿ.

ಅವನ ಕೆಲಸವೂ ಇದೇ ಗಂಟಿನಲ್ಲೇ ಇದೆ ಅನ್ನೋದನ್ನೂ ಮರೀಬೇಡಿ. ಅಲ್ಲಿ ಸಂಬಳ ಬರೋದು ಬಹುಶಃ ಅಮೆರಿಕದ ಗಿರಾಕಿಯಿಂದ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಎಚ್‌1ಬಿ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ಅಂದಾಗ ಎಷ್ಟು ಮನೆಗಳಲ್ಲಿ ರಾತ್ರಿ ನಿದ್ದೆ ಬರಲಿಲ್ಲ. ಅದೇ ವರ್ಷ ಬ್ರೆಜಿಲ್ ಕಾಫಿಗೆ ಅಮೆರಿಕ ಶೇ 50 ಸುಂಕ ಹಾಕಿ, ಮೂರು ನಾಲ್ಕು ತಿಂಗಳಲ್ಲಿ ತೆಗೆಯಿತು. ಆ ನಡುವೆ ರೇಟು ಜೋಕಾಲಿ ಆಡಿತು. ಅವನ ಸಂಬಳ, ನಿಮ್ಮ ತೋಟ ಎರಡೂ ಹೊರಗಿನ ದೇಶಗಳ ನಿರ್ಧಾರಕ್ಕೆ ಕಟ್ಟಿವೆ, ಆದರೆ ಎರಡು ಬೇರೆ ಬೇರೆ ಹಗ್ಗ. ಎರಡೂ ಒಂದೇ ದಿನ ಹರಿಯೋದು ಅಪರೂಪ. ಹೀಗಾಗಿ ನಿಮ್ಮ ಮನೆಗೆ ಈಗ ಇರುವ ಬೆಲೆ ಸ್ಥಿರೀಕರಣ ನಿಧಿ ಅಂದರೆ ಅವನ ಸಂಬಳವೇ. ಸರ್ಕಾರದ ನಿಧಿ ಕೊಡುತ್ತಿದ್ದ ಸಾವಿರ ರೂಪಾಯಿಗಿಂತ ಎಷ್ಟೋ ಗಟ್ಟಿ. ಅದನ್ನು ರೇಟು ಮೇಲಿರುವಾಗ ಮುರಿಯೋದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಹಾಗಂತ ಬರಲೇಬೇಡ ಅನ್ನಬೇಡಿ. ಊರಿಗೆ ಬರ್ತೀನಿ ಅನ್ನೋ ಮಕ್ಕಳು ಈಗ ಎಷ್ಟಿದ್ದಾರೆ? ಎರಡು ವರ್ಷ ಗಡುವು ಹಾಕಿ. ಈ ಎರಡು ವರ್ಷ ಜನವರಿಯಿಂದ ಮಾರ್ಚ್ ತನಕ, ಕೊಯ್ಲಿನ ಹೊತ್ತಿಗೆ, ರಜೆ ಹಾಕಿಯೋ ಮನೆಯಿಂದ ಕೆಲಸ ಮಾಡಿಯೋ ಬಂದು ಇರಲಿ. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ರಾತ್ರಿಯೆಲ್ಲ ಪಂಪು ಕಾಯೋದು ಹೇಗಿರುತ್ತೆ, ಆಳು ಬರದ ದಿನ ಹೇಗಿರುತ್ತೆ ನೋಡಲಿ. ಒಳ್ಳೆ ರೇಟಿನ ಈ ವರ್ಷಗಳಲ್ಲಿ ಒಂದು ವರ್ಷದ ತೋಟದ ಖರ್ಚು, ಅಂದರೆ ಆ 3 ಲಕ್ಷ 15 ಸಾವಿರ, ಬೇರೆ ಖಾತೆಯಲ್ಲಿ ಕೂರಿಸಿ. ಅದು ಕೂತ ಮೇಲೆ ಅವನು ಕೆಲಸ ಬಿಡಲಿ. ಈ ರೇಟು ನೋಡಿ ಸಾಲ ಮಾಡಿ ಪಕ್ಕದ ಜಾಗ ತಗೊಳ್ಳೋದು ಮಾತ್ರ ಖಂಡಿತ ಬೇಡ, ನಮ್ಮ ಮನೆಯ ಕಥೆ ಮೇಲೆ ಹೇಳಿದ್ದೇನೆ. ಮಾರುವಾಗಲೂ ಎಲ್ಲ ಒಂದೇ ದಿನ ಮಾರಬೇಡಿ, ಎಲ್ಲ ಇಟ್ಟುಕೊಂಡು ಕಾಯಲೂ ಬೇಡಿ. ಕೊಯ್ಲಿನ ಸಾಲ ತೀರುವಷ್ಟು ಮೊದಲೇ ಮಾರಿ, ಮಿಕ್ಕಿದ್ದನ್ನು ಎರಡು ಮೂರು ಸಲ. ಅಕ್ಕಪಕ್ಕದ ಹತ್ತು ಮನೆಯವರು ಸೇರಿ ಒಟ್ಟಿಗೆ ಲೋಡು ಮಾಡಿದರೆ ರೇಟು ಕೇಳುವ ದನಿಯೇ ಬೇರೆ ಆಗುತ್ತದೆ. ಮಗನಿಗೆ ಕಂಪ್ಯೂಟರ್ ಬರುತ್ತಲ್ವಾ, ಆ ಹತ್ತು ಮನೆಯ ಲೆಕ್ಕ, ಜಾಗದ ಗುರುತು, ಔಟ್‌ಟರ್ನ್ ದಾಖಲೆ ಇಡೋಕೆ ಅವನಿಗಿಂತ ಒಳ್ಳೆಯವರು ಸಿಗೋದಿಲ್ಲ. ಕೆಲಸ ಬಿಡದೆಯೇ ಇದನ್ನು ಈಗಲೇ ಶುರು ಮಾಡಬಹುದು.

ಇದೆಲ್ಲಕ್ಕಿಂತ ಮೊದಲು ಪಹಣಿ. ಮಾವನವರ ಹೆಸರಲ್ಲೇ ಇದ್ದರೆ ನಾಳೆ ಯುರೋಪಿನವರಿಗೆ ಮಾತ್ರ ಅಲ್ಲ, ಇಲ್ಲಿನ ಬ್ಯಾಂಕಿಗೂ, ಪರಿಹಾರಕ್ಕೂ ತೊಂದರೆ. ಮಾವನವರದ್ದು, ಯಜಮಾನರದ್ದು ಇಬ್ಬರದ್ದೂ ಮರಣ ಪ್ರಮಾಣಪತ್ರ ತೆಗೆದುಕೊಂಡು ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಕೊಡಿ, ಆಮೇಲೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸೋಕೆ. ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ಮನೆತನಕ್ಕೇ ಸೇರಿದ ಹಳೇ ಕಾಲದ ಜಮೀನು, ಆಗಿದ್ದರೆ ಮನೆತನದ ಉಳಿದವರ ಮಾತೂ ಬರುತ್ತದೆ, ಅದು ಇನ್ನೂ ನಿಧಾನ, ಅದಕ್ಕೇ ಬೇಗ ಶುರು ಮಾಡಬೇಕು. ಮಗ ಮುಂದಿನ ಸಲ ಊರಿಗೆ ಬಂದಾಗ ಒಂದು ಸೋಮವಾರ ರಜೆ ಹಾಕಿ ಉಳಿಯಲಿ, ಇಬ್ಬರೂ ಒಟ್ಟಿಗೆ ಹೋಗಿ ಬನ್ನಿ.